ಲಾರಿ ಕರೆಯುವ ಯಂತ್ರಕ್ಕೆ ನಮ್ಮ ಎಂಟು ಚೀಲವೂ ಕಾಣಲಿ

ಬೆಳೆ ಬೆಳೆಯುವ ಬಗ್ಗೆ ರೈತರ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಮಾರುವ ಬಗ್ಗೆಯೂ ಆಗಾಗ ಬರುತ್ತದೆ. ಆದರೆ ಹೊಲದಿಂದ ಪೇಟೆಗೆ ಮಾಲು ಸಾಗಿಸುವ ಬಗ್ಗೆ ಬರೆದವರು ಕಡಿಮೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆ ಮಳೆ ನೆಚ್ಚಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಎರಡು-ಮೂರು ಎಕರೆಯವರನ್ನು ಕೇಳಿ ನೋಡಿ. ಬೀಜ-ಗೊಬ್ಬರಕ್ಕೆ ಎಷ್ಟು ಹೋಯ್ತು ಅಂತ ಬಾಯಲ್ಲೇ ಲೆಕ್ಕ ಹೇಳ್ತಾರೆ. ಬಾಡಿಗೆ, ಹಮಾಲಿ, ತೂಕದ ಕಾಟಾ, ಪೇಟೆಯಲ್ಲಿ ಕಾದ ದಿನದ ಖರ್ಚು ಎಲ್ಲ ಕೂಡಿ ಎಷ್ಟು ಹೋಯ್ತು ಅಂದರೆ ತಲೆ ಕೆರಕೊಳ್ತಾರೆ. ಆ ಲೆಕ್ಕ ಅಡತಿ ಚೀಟಿಯ ಕೆಳಗೆ ಎರಡು ಸಾಲಿನಲ್ಲಿ ಮುಗಿದುಹೋಗಿರುತ್ತದೆ.

ಈಗ ಎಲ್ಲಾ ಕಡೆ ಒಂದು ಮಾತು ಕೇಳಿಬರುತ್ತಿದೆ. ಲಾರಿ ಹುಡುಕುವುದು, ಲೋಡು ಕೂಡಿಸುವುದು, ಮಾಲು ಎಲ್ಲಿ ಮುಟ್ಟಿತು ಅಂತ ನೋಡುವುದು ಎಲ್ಲವನ್ನೂ ಸಾಫ್ಟ್‌ವೇರ್ ಮಾಡುತ್ತದೆ, ರೈತ ಮನೆಯಲ್ಲಿ ಕೂತು ಮೊಬೈಲ್ ಒತ್ತಿದರೆ ಸಾಕು ಅಂತ. ನಾನು ಓದಿದ್ದು ಏಳನೇ ಇಯತ್ತೆ. ಸಾಫ್ಟ್‌ವೇರ್ ಬರೆಯುವುದು ನನ್ನಿಂದ ಆಗುವ ಕೆಲಸ ಅಲ್ಲ. ಆದರೆ ಅದರೊಳಗೆ ಏನು ಇರಬೇಕು, ಏನು ಇರಬಾರದು ಅಂತ ಹೇಳುವುದಕ್ಕೆ ಕಾಲೇಜು ಬೇಕಿಲ್ಲ. ಮನೆ ಕಟ್ಟುವವ ಗೌಂಡಿ ಆದರೂ ಒಲೆ ಎಲ್ಲಿ ಇರಬೇಕು ಅಂತ ಹೇಳುವವಳು ಮನೆಯಾಕೆ. ಹಾಗೇ ಇದು. ನಾವು ಬಾಯಿ ಬಿಡದಿದ್ದರೆ ಕಟ್ಟುವವರು ತಮಗೆ ಕಂಡ ಹಾಗೆ ಕಟ್ಟುತ್ತಾರೆ, ಆಮೇಲೆ ಅದಕ್ಕೆ ಹೊಂದಿಕೊಳ್ಳಬೇಕಾದವರು ನಾವು.

ಈಗಾಗಲೇ ಇರುವುದು ಯಾರಿಗಾಗಿ?

ಕಂಪ್ಯೂಟರ್ ನಮ್ಮ ಪೇಟೆಗೆ ಹೊಸದೇನಲ್ಲ. ಕರ್ನಾಟಕ ಸರ್ಕಾರವೂ ಎನ್‌ಸಿಡಿಇಎಕ್ಸ್ ಬಳಗದ ಕಂಪನಿಯೂ ಕೂಡಿ 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಅಂತ ಸಂಸ್ಥೆ ಮಾಡಿದವು. ಅದರ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಎಪಿಎಂಸಿಗಳಲ್ಲಿ ಇ-ಟೆಂಡರ್ ನಡೆಯಿತು. ದೇಶದ ಮಟ್ಟದಲ್ಲಿ 2016ರ ಏಪ್ರಿಲ್ 14ರಂದು ಇ-ನಾಮ್ ಶುರುವಾಯಿತು. ಇವೆರಡೂ ಬೆಲೆ ಹಾಕುವ ಯಂತ್ರಗಳು. ಮಾಲು ಅಂಗಳಕ್ಕೆ ಬಂದು ಇಳಿದ ಮೇಲೆ ಇವುಗಳ ಕೆಲಸ ಶುರು.

ಸಾಗಾಣಿಕೆಗೆ ಅಂತಲೇ ಬಂದದ್ದು 2020ರಲ್ಲಿ. ಕೊರೊನಾ ಲಾಕ್‌ಡೌನ್ ಆಗಿ ಲಾರಿಗಳು ನಿಂತಾಗ ಏಪ್ರಿಲ್ 2ರಂದು ಇ-ನಾಮ್‌ಗೆ ಸಾಗಾಣಿಕೆ ವಿಭಾಗ ಸೇರಿಸಿದರು. ಏಪ್ರಿಲ್ 17ರಂದು ಕಿಸಾನ್ ರಥ ಅನ್ನುವ ಆ್ಯಪ್ ಬಿಟ್ಟರು. ಹೊಲದಿಂದ ಮಂಡಿಗೆ, ಮಂಡಿಯಿಂದ ಬೇರೆ ಊರಿಗೆ ವಾಹನ ಹುಡುಕಿಕೊಡುವುದು ಅದರ ಕೆಲಸ. ಲಕ್ಷಗಟ್ಟಲೆ ಲಾರಿ, ಸಾವಿರಾರು ಟ್ರ್ಯಾಕ್ಟರ್ ಅದರಲ್ಲಿ ನೋಂದಣಿ ಆಗಿವೆ ಅಂತ ಸರ್ಕಾರ ಆಗ ಹೇಳಿತ್ತು. ಉದ್ದೇಶ ಚಲೋದು. ಅಂಥ ಹೊತ್ತಿನಲ್ಲಿ ಅಷ್ಟು ಬೇಗ ಮಾಡಿದ್ದನ್ನು ಮೆಚ್ಚಬೇಕು.

ಖಾಸಗಿಯವರೂ ಇದ್ದಾರೆ. ಪೋರ್ಟರ್ 2014ರದ್ದು, ಬ್ಲ್ಯಾಕ್‌ಬಕ್ ಮತ್ತು ನಿಂಜಾಕಾರ್ಟ್ 2015ರವು. ಒಂದು ಪಟ್ಟಣದೊಳಗೆ ಸಣ್ಣ ಗಾಡಿ ಕಳಿಸುತ್ತದೆ, ಒಂದು ದೂರದ ಲಾರಿಯವರಿಗೆ ಲೋಡು ತೋರಿಸುತ್ತದೆ, ಒಂದು ರೈತರಿಂದ ತರಕಾರಿ ತೆಗೆದುಕೊಂಡು ಪಟ್ಟಣದ ಅಂಗಡಿಗೆ ಮುಟ್ಟಿಸುತ್ತದೆ. ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಟೋಲ್‌ನಲ್ಲಿ ಕಡ್ಡಾಯ ಆಯ್ತು. ಶಿಗ್ಗಾಂವ ಪಕ್ಕದ 48ನೇ ನಂಬರ್ ಹೆದ್ದಾರಿಯಲ್ಲಿ ಹಾದುಹೋಗುವ ಲಾರಿ ಈ ಗಳಿಗೆಯಲ್ಲಿ ಎಲ್ಲಿದೆ ಅಂತ ಅದರ ಮಾಲೀಕ ಮುಂಬಯಿಯಲ್ಲಿ ಕೂತು ನೋಡಬಹುದು.

ಅಂದರೆ ಯಂತ್ರಕ್ಕೆ ಲಾರಿ ಕಾಣುತ್ತದೆ. ರಸ್ತೆ ಕಾಣುತ್ತದೆ. ವ್ಯಾಪಾರಸ್ಥನ ಪೂರ್ತಿ ಲೋಡೂ ಕಾಣುತ್ತದೆ. ಹೆದ್ದಾರಿಯಿಂದ ಹದಿನೈದು ಕಿಲೋಮೀಟರ್ ಒಳಗೆ, ಎರೆ ಹೊಲದ ದಾರಿಯ ತುದಿಯಲ್ಲಿ, ಕಣದಲ್ಲಿ ತಾಡಪತ್ರಿ ಮುಚ್ಚಿಕೊಂಡು ಕೂತಿರುವ ಎಂಟು ಚೀಲ ಮಾತ್ರ ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ.

ಎಂಟು ಚೀಲದ ಲೆಕ್ಕ

ಒಂದು ಲೆಕ್ಕ ಹಾಕೋಣ. ಟ್ರ್ಯಾಕ್ಟರ್ ಟ್ರೇಲರಿಗೆ 40 ಕ್ವಿಂಟಲ್ ಹಿಡಿಯುತ್ತದೆ, ಪೇಟೆಗೆ ಒಂದು ಸಾರಿ ಹೋಗಿಬರಲು 2,000 ರೂಪಾಯಿ ಬಾಡಿಗೆ ಅಂತ ಇಟ್ಟುಕೊಳ್ಳಿ. ನಿಮ್ಮೂರಿನ ಬಾಡಿಗೆ ಬೇರೆ ಇರಬಹುದು, ಅಂಕಿ ಬದಲಿಸಿಕೊಳ್ಳಿ. ಬಾಡಿಗೆ ಇರುವುದು ಗಾಡಿಗೆ, ಚೀಲಕ್ಕಲ್ಲ. ಪೂರ್ತಿ ತುಂಬಿದವನಿಗೆ ಕ್ವಿಂಟಲ್‌ಗೆ 50 ರೂಪಾಯಿ ಬೀಳುತ್ತದೆ. ಎಂಟೇ ಕ್ವಿಂಟಲ್ ಇದ್ದವನು ಒಬ್ಬನೇ ಒಯ್ದರೆ ಕ್ವಿಂಟಲ್‌ಗೆ 250 ರೂಪಾಯಿ. ವ್ಯತ್ಯಾಸ 200 ರೂಪಾಯಿ.

2025-26ರ ಹಂಗಾಮಿಗೆ ಗೋವಿನಜೋಳದ ಬೆಂಬಲ ಬೆಲೆ 2,400 ರೂಪಾಯಿ ಅಂತ ಕೇಂದ್ರ ಘೋಷಿಸಿತ್ತು. ಅದು ಪೂರ್ತಿ ಕೈಗೆ ಬಂದರೂ 200 ರೂಪಾಯಿ ಅಂದರೆ ನೂರಕ್ಕೆ ಎಂಟು ಪಾಲು ಹೋಯ್ತು. ಬೆಂಬಲ ಬೆಲೆ ಸಿಗದೆ ಪೇಟೆಯ ಬೆಲೆಗೇ ಕೊಡುವವನಿಗೆ ಪಾಲು ಇನ್ನೂ ಜಾಸ್ತಿ. ಬೆಲೆ ನೂರು ರೂಪಾಯಿ ಏರಲಿ ಅಂತ ನಾವು ರಸ್ತೆಯಲ್ಲಿ ಕೂತು ಧರಣಿ ಮಾಡುತ್ತೇವೆ. ಮಾಡಬೇಕು ಕೂಡ. ಆದರೆ ಅದರ ಎರಡರಷ್ಟು ಅರ್ಧ ಖಾಲಿ ಟ್ರೇಲರಿನಲ್ಲಿ ಸೋರಿಹೋಗುವುದನ್ನು ಯಾರೂ ಕೇಳುವುದಿಲ್ಲ.

ಇಷ್ಟು ಖರ್ಚು ಬೇಡ ಅಂತ ಸಣ್ಣ ರೈತ ಏನು ಮಾಡುತ್ತಾನೆ? ಊರಿಗೇ ಬಂದ ಖರೀದಿದಾರನಿಗೆ ಕಣದಲ್ಲೇ ಅಳೆದು ಕೊಡುತ್ತಾನೆ. ಅಲ್ಲಿ ತೂಕ ಅವನದು, ಬೆಲೆ ಅವನದು, ಹಸಿ ಐತಿ ಅಂತ ಕಡಿಯುವ ಕೆಜಿಯೂ ಅವನದೇ. ಸಣ್ಣ ರೈತನಿಗೆ ಪೇಟೆ ಇಲ್ಲ ಅಂತಲ್ಲ. ಪೇಟೆ ಮುಟ್ಟುವ ಗಾಡಿ ಅವನ ಅಳತೆಗೆ ಇಲ್ಲ.

ಎರಡು ಪಾಠ

ಸಾಗಾಣಿಕೆಯ ಲೆಕ್ಕ ಮೊದಲೇ ಕಾಣದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಎರಡು ದೊಡ್ಡ ಉದಾಹರಣೆ ಇವೆ.

ಮೊದಲನೆಯದು 2008ರ ಜೂನ್ 10. ಮುಂಗಾರು ಬಿತ್ತನೆ ಹೊತ್ತು. ಗೊಬ್ಬರ ಸಿಗದೆ ರೈತರು ಹಾವೇರಿಯಲ್ಲಿ ಬೀದಿಗಿಳಿದರು, ಗೋಲಿಬಾರ್ ಆಯಿತು, ಗೊಬ್ಬರ ಕೇಳಲು ಹೋದವರ ಜೀವ ಹೋಯಿತು. ಗೊಬ್ಬರ ಎಲ್ಲಿದೆ, ಎಷ್ಟಿದೆ, ಯಾವ ದಿನ ಯಾವ ಊರಿಗೆ ಬರುತ್ತದೆ ಅನ್ನುವುದು ಪಾಳಿ ನಿಂತವರಿಗೆ ಗೊತ್ತಿರಲಿಲ್ಲ. ಆಮೇಲೆ ಸರ್ಕಾರ ಗೊಬ್ಬರಕ್ಕೆ ದೊಡ್ಡ ಸಾಫ್ಟ್‌ವೇರ್ ಮಾಡಿತು. 2018ರಿಂದ ದೇಶದ ತುಂಬ ಅಂಗಡಿಯಲ್ಲಿ ಪಿಒಎಸ್ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ ಗೊಬ್ಬರ ಒಯ್ಯುತ್ತೇವೆ. ಕಾರ್ಖಾನೆಯಿಂದ ಅಂಗಡಿವರೆಗೆ ಮಾಲಿನ ಲೆಕ್ಕ ಅದರಲ್ಲಿ ಇರುತ್ತದೆ. ಆದರೂ 2025ರ ಮುಂಗಾರಿನಲ್ಲಿ ಯೂರಿಯಾಕ್ಕೆ ಮತ್ತೆ ಪಾಳಿ ನಿಂತೆವು. ಮಾಲು ಕಡಿಮೆ ಬಂದರೆ ಯಂತ್ರ ಅದನ್ನು ಹುಟ್ಟಿಸಲಾರದು, ಒಪ್ಪುತ್ತೇನೆ. ಆದರೆ ನಾಳೆ ನಮ್ಮ ಸೊಸೈಟಿಗೆ ಎಷ್ಟು ಚೀಲ ಬರುತ್ತದೆ, ಯಾರ ಪಾಳಿ ಯಾವಾಗ ಅಂತ ಇವತ್ತೇ ಹೇಳಿದ್ದರೆ ಬೆಳಿಗ್ಗೆ ನಾಲ್ಕಕ್ಕೆ ಹೋಗಿ ಚಪ್ಪಲಿ ಸಾಲಿಗೆ ಇಟ್ಟು ಕೂರುವುದಾದರೂ ತಪ್ಪುತ್ತಿತ್ತು. ಲೆಕ್ಕ ಮೇಲಿನವರಿಗೆ ಹೋಗುವ ಹಾಗೆ ಕಟ್ಟಿದ ಯಂತ್ರ ಕೆಳಗಿನವರಿಗೆ ಸುದ್ದಿ ಕೊಡುವುದನ್ನು ಮರೆತಿದೆ.

ಎರಡನೆಯದು 2024ರ ಮಾರ್ಚ್ 11, ಸೋಮವಾರ, ಬ್ಯಾಡಗಿ ಪೇಟೆ. ಆ ಒಂದೇ ದಿನ ಮೂರು ಲಕ್ಷಕ್ಕೂ ಹೆಚ್ಚು ಚೀಲ ಮೆಣಸಿನಕಾಯಿ ಬಂದಿತ್ತು ಅಂತ ವರದಿಯಾಗಿತ್ತು. ನಮ್ಮ ಜಿಲ್ಲೆಯದಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಲಾರಿಗಳು ಬಂದಿದ್ದವು. ಟೆಂಡರ್ ಬೆಲೆ ನೋಡಿ ರೈತರು ಸಿಟ್ಟಿಗೆದ್ದರು, ಎಪಿಎಂಸಿ ಕಚೇರಿಗೆ ಕಲ್ಲು, ವಾಹನಗಳಿಗೆ ಬೆಂಕಿ. ಬೆಂಕಿ ಹಚ್ಚಿದ್ದನ್ನು ಯಾರೂ ಸರಿ ಅನ್ನುವುದಿಲ್ಲ. ಬೆಲೆ ಬಿದ್ದದ್ದಕ್ಕೆ ಕಾರಣ ಹಲವು ಇರಬಹುದು. ನಾನು ಹೇಳುವುದು ಒಂದೇ ಮಾತು. ಇನ್ನೂರು-ಮುನ್ನೂರು ಕಿಲೋಮೀಟರ್ ಬಾಡಿಗೆ ಕೊಟ್ಟು ಮಾಲು ತಂದು ಇಳಿಸಿದವನ ಕೈಯಲ್ಲಿ ಆಮೇಲೆ ಏನೂ ಉಳಿದಿರುವುದಿಲ್ಲ. ತಿರುಗಿ ಒಯ್ಯಲು ಮತ್ತೆ ಬಾಡಿಗೆ ಬೇಕು. ಬೆಲೆ ಎಷ್ಟೇ ಬರಲಿ, ಕೊಟ್ಟು ಹೋಗಬೇಕು. ಬೆಲೆ ಹೇಳುವ ಯಂತ್ರ ಅಂಗಳದೊಳಗೆ ಇತ್ತು. ಈ ಸೋಮವಾರ ಇಷ್ಟು ಲಾರಿ ಹೊರಟಿವೆ, ನೀವು ಗುರುವಾರ ಬನ್ನಿ ಅಂತ ಊರಲ್ಲಿದ್ದವನಿಗೆ ಹೇಳುವ ಯಂತ್ರವೇ ನಮಗೆ ಬೇಕಾದದ್ದು. ಲಾರಿ ಏರುವ ಮೊದಲು ಗೊತ್ತಾದರೆ ಅದು ಸುದ್ದಿ. ಇಳಿದ ಮೇಲೆ ಗೊತ್ತಾದರೆ ಅದು ಹಣೆಬರಹ.

ಹಾಲಿಗೆ ಆದದ್ದು ಕಾಳಿಗೆ ಯಾಕಿಲ್ಲ?

ಸಣ್ಣ ಸಣ್ಣ ಲೋಡು ಕೂಡಿಸುವುದು ಆಗದ ಮಾತು ಅಂತ ಹೇಳುವವರು ಬೆಳಿಗ್ಗೆ ಎದ್ದು ಡೇರಿ ಮುಂದೆ ನಿಂತು ನೋಡಲಿ. ಎರಡು ಲೀಟರ್, ಮೂರು ಲೀಟರ್ ಹಾಲು ಹಿಡಿದು ಹೆಣ್ಣುಮಕ್ಕಳು ಬರುತ್ತಾರೆ. ಅಳತೆ ಆಗುತ್ತದೆ, ಫ್ಯಾಟ್ ನೋಡುತ್ತಾರೆ, ಪಟ್ಟಿಯಲ್ಲಿ ಬರೆಯುತ್ತಾರೆ. ಹೊತ್ತಿಗೆ ಸರಿಯಾಗಿ ರೂಟಿನ ಗಾಡಿ ಬರುತ್ತದೆ. ಮುಂದಿನ ಊರಿಗೆ ಎಷ್ಟು ಹೊತ್ತಿಗೆ ಮುಟ್ಟಬೇಕು ಅನ್ನುವುದು ಡ್ರೈವರಿಗೆ ಗೊತ್ತು. ಈ ಏರ್ಪಾಡು ನಮ್ಮ ರಾಜ್ಯದಲ್ಲಿ 1970ರ ದಶಕದಿಂದ ಬೆಳೆದು ಬಂದದ್ದು. ಆಗ ಮೊಬೈಲ್ ಇರಲಿಲ್ಲ, ಸಾಫ್ಟ್‌ವೇರ್ ಇರಲಿಲ್ಲ. ಮೂರು ಲೀಟರ್ ಹಾಲಿಗೆ ದಿನಾ ಗಾಡಿ ಬರುತ್ತದೆ. ವರ್ಷಕ್ಕೊಮ್ಮೆ ಬರುವ ಎಂಟು ಚೀಲಕ್ಕೆ ಬರುವುದಿಲ್ಲ.

ಮುಂಬಯಿಯ ಡಬ್ಬಾವಾಲಾಗಳ ವಿಷಯ ಕೇಳಿರಬೇಕು. 1890ರ ಹೊತ್ತಿನಿಂದ ಮನೆಮನೆಯ ಊಟದ ಡಬ್ಬಿ ಕಚೇರಿಗೆ ಮುಟ್ಟಿಸುತ್ತಾ ಬಂದವರು. ಡಬ್ಬಿ ಮುಚ್ಚಳದ ಮೇಲೆ ಬಣ್ಣ, ಅಕ್ಷರ, ಅಂಕಿಯ ಗುರುತು. ಯಾವ ಸ್ಟೇಷನ್ನಿನಲ್ಲಿ ಇಳಿಸಬೇಕು, ಯಾವ ಕಟ್ಟಡ, ಯಾವ ಮಹಡಿ ಎಲ್ಲಾ ಅದರಲ್ಲೇ ಇರುತ್ತದೆ. ಹೆಚ್ಚು ಓದದವರೂ ಓದಬಲ್ಲ ಗುರುತು ಅದು. ಹೊಂದಾಣಿಕೆ ಮೊದಲು ಬರುತ್ತದೆ, ಯಂತ್ರ ಆಮೇಲೆ ಅಂತ ಇದರಿಂದ ತಿಳಿಯಬಹುದು.

2020ರ ಆಗಸ್ಟ್ 7ರಂದು ಶುರುವಾದ ಕಿಸಾನ್ ರೈಲಿನಲ್ಲೂ ಒಂದು ಒಳ್ಳೆಯ ನಿಯಮ ಇತ್ತು. ಇಷ್ಟೇ ಮಾಲು ಇರಬೇಕು ಅಂತ ಕನಿಷ್ಠ ಮಿತಿ ಇರಲಿಲ್ಲ. ಸಣ್ಣ ಗಂಟೂ ಹಾಕಬಹುದಿತ್ತು. ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರು ಊರುಗಳಿಗೆ ರೈಲು ಇಲ್ಲ, ಆ ಮಾತು ಬೇರೆ. ಆದರೆ ಆ ನಿಯಮ ಲಾರಿಯ ಸಾಫ್ಟ್‌ವೇರಿಗೂ ಬೇಕು. 2021ರ ಫೆಬ್ರವರಿಯಲ್ಲಿ ಕೆಎಸ್‌ಆರ್‌ಟಿಸಿಯವರು ನಮ್ಮ ಕಾರ್ಗೋ ಅಂತ ಬಸ್ಸಿನಲ್ಲಿ ಸಾಮಾನು ಸಾಗಿಸಲು ಶುರು ಮಾಡಿದರು. ಬಸ್ಸು ಹೇಗೂ ಹೋಗುತ್ತದೆ, ಖಾಲಿ ಜಾಗಕ್ಕೆ ಬಾಡಿಗೆ ಬರಲಿ ಅನ್ನುವ ಯೋಚನೆ. ನಮ್ಮೂರ ಟ್ರ್ಯಾಕ್ಟರಿಗೂ ಇದೇ ಯೋಚನೆ ಹಚ್ಚಿದರೆ ಆಯಿತು.

ಸಾಫ್ಟ್‌ವೇರಿನಲ್ಲಿ ಏನಿರಬೇಕು?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಟ್ಟುವ ಹುಡುಗರು ಕೇಳಿದರೆ ನಾನು ಕೊಡುವ ಪಟ್ಟಿ ಇದು.

1. ಕೂಡು ಲೋಡು. ಗಾಡಿ ಬೇಕೇ ಅಂತ ಕೇಳಬಾರದು. ಎಷ್ಟು ಚೀಲ ಇದೆ, ಯಾವಾಗ ಹೋಗಬಹುದು, ಎಷ್ಟು ದಿನ ತಡೆಯಬಹುದು ಅಂತ ಕೇಳಬೇಕು. ಒಂದೇ ದಾರಿಯ ನಾಲ್ಕು ಊರಿನ ಚೀಲ ಕೂಡಿಸಿ ಟ್ರೇಲರ್ ತುಂಬುವುದು ಯಂತ್ರದ ಕೆಲಸ.

2. ಮಾಲಿನ ಗುಣ ತಿಳಿದಿರಬೇಕು. ಸವಣೂರಿನ ವೀಳ್ಯದೆಲೆ ಇವತ್ತು ಕಿತ್ತರೆ ಇವತ್ತೇ ಹೊರಡಬೇಕು. ಹಾನಗಲ್ಲಿನ ಮಾವು ನಾಲ್ಕು ದಿನ ತಡೆದೀತು, ಮೇಲೆ ಚೀಲ ಹೇರಿದರೆ ಜಜ್ಜಿಹೋದೀತು. ಹಿರೇಕೆರೂರು ಕಡೆಯ ಬೀಜದ ಮಾಲು ಬೇರೆ ಕಾಳಿನ ಜೊತೆ ಬೆರೆಯುವಂತೆಯೇ ಇಲ್ಲ. ಹತ್ತಿ ತೂಕ ಕಡಿಮೆ, ಜಾಗ ಜಾಸ್ತಿ. ಗೋವಿನಜೋಳ ಎರಡು ತಿಂಗಳೂ ಕಾಯುತ್ತದೆ, ಆದರೆ ಹಸಿ ನೂರಕ್ಕೆ 14ಕ್ಕಿಂತ ಹೆಚ್ಚಿದ್ದರೆ ಖರೀದಿ ಕೇಂದ್ರದಲ್ಲಿ ತಿರುಗಿ ಕಳಿಸುತ್ತಾರೆ. ಎಲ್ಲವನ್ನೂ ಬರೀ ಟನ್ ಲೆಕ್ಕದಲ್ಲಿ ಹಿಡಿಯುವ ಸಾಫ್ಟ್‌ವೇರ್ ಸಿಮೆಂಟ್ ಸಾಗಿಸಲು ಸರಿ.

3. ಬಾಡಿಗೆ ಹಂಚಿಕೆ ಎಲ್ಲರಿಗೂ ತಿಳಿಯಬೇಕು. ಕೂಡು ಲೋಡು ಮುರಿಯುವುದು ಇಲ್ಲೇ. ದೂರದವನಿಗೂ ಹತ್ತಿರದವನಿಗೂ ಒಂದೇ ದರ ಅಂದರೆ ಜಗಳ. ಚೀಲವನ್ನು ಕಿಲೋಮೀಟರಿಗೆ ಗುಣಿಸುವುದು ಸುಲಭದ ದಾರಿ. ಒಬ್ಬನದು 10 ಚೀಲ 30 ಕಿಲೋಮೀಟರ್, ಅಂದರೆ 300. ಇನ್ನೊಬ್ಬನದು 20 ಚೀಲ 25 ಕಿಲೋಮೀಟರ್, 500. ಮೂರನೆಯವನದು 10 ಚೀಲ 10 ಕಿಲೋಮೀಟರ್, 100. ಕೂಡಿದರೆ 900. ಗಾಡಿ ಬಾಡಿಗೆ 2,700 ಆದರೆ ಒಂದು ಪಾಲಿಗೆ 3 ರೂಪಾಯಿ. ಮೊದಲನೆಯವ 900, ಎರಡನೆಯವ 1,500, ಮೂರನೆಯವ 300 ಕೊಡಬೇಕು. ಈ ಲೆಕ್ಕ ಯಂತ್ರದ ಹೊಟ್ಟೆಯಲ್ಲಿ ಇದ್ದರೆ ಸಾಲದು. ಚೀಟಿಯಲ್ಲಿ ಮುದ್ರಣ ಆಗಿ ಮೂವರ ಕೈಗೂ ಬರಬೇಕು.

4. ಚೀಲಕ್ಕೆ ಗುರುತು, ಎರಡು ಕಡೆ ತೂಕ. ಊರಲ್ಲಿ ತೂಗಿದ್ದು ಎಷ್ಟು, ಪೇಟೆಯಲ್ಲಿ ತೂಗಿದ್ದು ಎಷ್ಟು, ಎರಡೂ ಒಂದೇ ಚೀಟಿಯಲ್ಲಿ ಇರಬೇಕು. ಚೀಲ ಕಡಿಮೆ ಬಂದರೆ ಯಾರು ಕೊಡಬೇಕು ಅಂತ ಹೊರಡುವ ಮೊದಲೇ ಬರೆದಿರಬೇಕು. ಇದಿಲ್ಲದೆ ಯಾರೂ ತಮ್ಮ ಮಾಲನ್ನು ಇನ್ನೊಬ್ಬರ ಮಾಲಿನ ಜೊತೆ ಹೇರುವುದಿಲ್ಲ.

5. ತಿರುಗಿ ಬರುವ ಲೋಡು. ಖಾಲಿ ಬರುವ ಗಾಡಿಯ ಡೀಸೆಲ್ಲನ್ನೂ ನಾವೇ ಕೊಡುತ್ತೇವೆ, ಹೋಗುವ ಬಾಡಿಗೆಯಲ್ಲೇ ಅದು ಕೂಡಿರುತ್ತದೆ. ಪೇಟೆಯಿಂದ ಹಳ್ಳಿಗೆ ಗೊಬ್ಬರ, ಹಿಂಡಿ, ತಗಡು, ಸಿಮೆಂಟು, ಅಂಗಡಿ ಸಾಮಾನು ಬರುತ್ತಲೇ ಇರುತ್ತವೆ. ಇವೆರಡನ್ನೂ ಜೋಡಿಸಿದರೆ ಬಾಡಿಗೆ ಎಷ್ಟು ಇಳಿಯುತ್ತದೆ ಅನ್ನುವುದು ಗಾಡಿಯವರಿಗೇ ಗೊತ್ತು.

6. ಪೇಟೆಯ ಪಾಳಿ. ನಾಡಿದ್ದು ಪೇಟೆಗೆ ಎಷ್ಟು ಚೀಲ ಬರುವುದಿದೆ ಅಂತ ಹೊರಡುವ ಮೊದಲು ಕಾಣಬೇಕು. ಜೊತೆಗೆ ಇಳಿಸುವ ಹೊತ್ತು ಗೊತ್ತಾಗಬೇಕು. ಗಾಡಿ ಒಂದು ರಾತ್ರಿ ನಿಂತರೆ ಅದರ ದಂಡವೂ ನಮ್ಮ ಮೇಲೆ ಬೀಳುತ್ತದೆ.

7. ಮಾತಿನಲ್ಲಿ ನಡೆಯಬೇಕು. ಓದಲು ಬಾರದವರು, ಬಟನ್ ಫೋನಿನವರು ಇನ್ನೂ ಇದ್ದಾರೆ. ಫೋನ್ ಮಾಡಿ, ನಾಡಿದ್ದು ನಮ್ಮನ್ಯಾಗ ಎಂಟು ಚೀಲ ಐತ್ರಿ ಅಂದರೆ ಅಷ್ಟು ಸಾಕಾಗಬೇಕು. ಪುಸ್ತಕದ ಕನ್ನಡ ಕೇಳಿ ಇದು ನಮಗಲ್ಲ ಅಂತ ಫೋನ್ ಇಡುವ ಹಾಗೆ ಆಗಬಾರದು. ನೆಟ್‌ವರ್ಕ್ ಹೋದರೂ ಬರೆದದ್ದು ಉಳಿಯಬೇಕು, ಬಂದಾಗ ಕಳಿಸಬೇಕು.

8. ಮಳೆಗೆ ಜಾಗ ಇರಲಿ. ಮಳೆ ಬಂದರೆ ಎರೆ ಹೊಲದಿಂದ ಗಾಡಿ ಹೊರಡುವುದಿಲ್ಲ. ಹೇಳಿದ ದಿನ ಬರಲಿಲ್ಲ ಅಂತ ದಂಡ ಹಾಕುವ, ನಕ್ಷತ್ರ ಕಡಿಮೆ ಮಾಡುವ ಪಟ್ಟಣದ ರೂಢಿ ಇಲ್ಲಿ ನಡೆಯಲ್ಲ. ರೈತನಿಗೂ ಬೇಡ, ಡ್ರೈವರಿಗೂ ಬೇಡ.

ಎದುರು ಮಾತುಗಳು

ಇದನ್ನೆಲ್ಲ ಹೇಳಿದಾಗ ಊರಲ್ಲಿ ತಿಳಿದವರು ಒಂದು ಮಾತು ಹೇಳ್ತಾರೆ. ಅಡತಿಯವರಿಗೆ ಒಂದು ಫೋನ್ ಮಾಡಿದರೆ ಲಾರಿ ಬರತೈತಿ, ಬಾಡಿಗೆ ಆಮ್ಯಾಲೆ ಪಟ್ಟಿಯೊಳಗ ಮುರಕೋತಾರ, ಇದರಾಗ ಯಂತ್ರ ಯಾಕ ಬೇಕು ಅಂತ. ಮಾತು ಸುಳ್ಳಲ್ಲ. ಅಡತಿಯವರು, ಊರ ಟ್ರ್ಯಾಕ್ಟರ್ ಮಾಲೀಕರು, ಹಮಾಲರ ಮುಖಂಡರು ಇಷ್ಟು ದಿನ ಈ ಹೊಂದಾಣಿಕೆ ಮಾಡಿಕೊಂಡು ಬಂದವರು. ಅವರ ತಲೆಯಲ್ಲಿ ಇರುವ ತಿಳಿವಳಿಕೆ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ಆದರೆ ಆ ಫೋನಿಗೆ ಗಂಟು ಇರುತ್ತದೆ. ಜೂನ್ ತಿಂಗಳಲ್ಲಿ ಬೀಜಕ್ಕೆ ಕೈಗಡ ಕೊಟ್ಟವರ ಅಂಗಡಿಗೇ ನವೆಂಬರಿನಲ್ಲಿ ಮಾಲು ಹೋಗಬೇಕು. ಲಾರಿ ಸಾಲದ ದಾರಿಯಲ್ಲೇ ಓಡುತ್ತದೆ.

ಈ ಗಂಟನ್ನು ಸಾಫ್ಟ್‌ವೇರ್ ಬಿಚ್ಚುತ್ತದೆ ಅಂತ ನಾನು ಹೇಳುವುದಿಲ್ಲ, ಹೇಳುವವರನ್ನು ನಂಬಲೂ ಬೇಡಿ. ಅದಕ್ಕೆ ಸೊಸೈಟಿ ಸಾಲ ಹೊತ್ತಿಗೆ ಸಿಗಬೇಕು, ಗೋದಾಮಿನಲ್ಲಿ ಮಾಲಿಟ್ಟು ರಸೀದಿ ಮೇಲೆ ಸಾಲ ತೆಗೆಯುವ ಏರ್ಪಾಡು ಊರ ಹತ್ತಿರಕ್ಕೆ ಬರಬೇಕು. ಆದರೆ ಸಾಲ ಇಲ್ಲದವನೂ, ಸಾಲ ತೀರಿಸಿದವನೂ ಬೇರೆ ಗಾಡಿ ಇಲ್ಲ ಅಂತ ಅದೇ ಅಂಗಡಿಗೆ ಹೋಗುವುದು ತಪ್ಪಿದರೆ ಅದೂ ಒಂದು ಲಾಭವೇ.

ಇನ್ನೊಂದು ಭಯ ಟ್ರ್ಯಾಕ್ಟರ್ ಇಟ್ಟವರದು. ಅವರೂ ನಮ್ಮವರೇ. ಕಂತು ಕಟ್ಟುತ್ತಿದ್ದಾರೆ. ಬಾಡಿಗೆಯಲ್ಲಿ ಒಂದು ಭಾಗ ಯಂತ್ರದವರಿಗೆ ಹೋದರೆ ತಮಗೇನು ಉಳಿಯಿತು ಅಂತ ಕೇಳುತ್ತಾರೆ. ಪಟ್ಟಣದಲ್ಲಿ ಬಾಡಿಗೆ ಕಾರು, ಆಟೋ ಓಡಿಸುವವರು ಇದೇ ಕಮಿಷನ್ ವಿಷಯಕ್ಕೆ ಹಲವು ಸಾರಿ ಮುಷ್ಕರ ಮಾಡಿದ್ದಾರೆ. ಮೊದಲ ವರ್ಷ ಪುಕ್ಕಟೆ, ಎರಡನೇ ವರ್ಷ ಸ್ವಲ್ಪ, ಮೂರನೇ ವರ್ಷ ಅವರು ಹೇಳಿದಷ್ಟು ಅನ್ನುವ ಹಾಗೆ ಆದರೆ ಒಬ್ಬ ದಲ್ಲಾಳಿಯನ್ನು ಬಿಟ್ಟು ಇನ್ನೊಬ್ಬ ಕಾಣದ ದಲ್ಲಾಳಿಯನ್ನು ಕಟ್ಟಿಕೊಂಡ ಹಾಗೆ. ಕಂಡ ದಲ್ಲಾಳಿಯ ಅಂಗಡಿಗಾದರೂ ಹೋಗಿ ಜಗಳ ಮಾಡಬಹುದು.

ಯಾರ ಕೈಯಲ್ಲಿ ಇರಬೇಕು?

ಹಾಗಾಗಿ ಯಂತ್ರ ಎಷ್ಟು ಚಲೋ ಅನ್ನುವುದಕ್ಕಿಂತ ಅದು ಯಾರದ್ದು ಅನ್ನುವುದು ದೊಡ್ಡ ಪ್ರಶ್ನೆ. ಯಾವ ಊರಲ್ಲಿ ಎಷ್ಟು ಚೀಲ ಇದೆ, ಯಾರು ಎಷ್ಟು ದಿನ ತಡೆಯಬಲ್ಲರು, ಯಾರಿಗೆ ಅರ್ಜೆಂಟು ಅನ್ನುವುದು ಅದರಲ್ಲಿ ಇರುತ್ತದೆ. ಆ ಪಟ್ಟಿ ಖರೀದಿದಾರನ ಕೈಗೆ ಸಿಕ್ಕರೆ ಬೆಲೆ ಯಾವ ದಿನ ಇಳಿಸಬೇಕು ಅಂತ ಅವನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಪೇಟೆಗೆ ಒಟ್ಟು ಎಷ್ಟು ಚೀಲ ಬರುತ್ತದೆ ಅನ್ನುವುದು ಎಲ್ಲರಿಗೂ ಕಾಣಲಿ. ಯಾರ ಮನೆಯಲ್ಲಿ ಎಷ್ಟಿದೆ ಅನ್ನುವುದು ಯಾರಿಗೂ ಕಾಣಬಾರದು.

ನನ್ನ ಅನಿಸಿಕೆಯಲ್ಲಿ ಇದಕ್ಕೆ ತಕ್ಕ ಜಾಗ ನಮ್ಮ ಹಳ್ಳಿಯ ಸೊಸೈಟಿ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಹಾಕುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಬರೀ ಸಾಲದ ಲೆಕ್ಕಕ್ಕೆ ನಿಲ್ಲಬೇಕು ಅಂತ ಏನೂ ಇಲ್ಲ. ಅದೇ ಮೇಜಿನ ಮೇಲೆ ಲಾರಿಯ ವಹಿಯೂ ಇರಬಹುದು. 2020ರಲ್ಲಿ ಶುರುವಾದ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ ಆದ ಕಂಪನಿಗಳು ಕೆಲಸ ಮಾಡುವ ಕಡೆ ಅವು ಹೊಣೆ ಹೊರಬಹುದು. ಯಾರೇ ಆಗಲಿ, ಸದಸ್ಯರು ವರ್ಷಕ್ಕೊಮ್ಮೆ ಸಭೆಯಲ್ಲಿ ನಿಂತು ಲೆಕ್ಕ ಕೇಳುವ ಹಾಗೆ ಇರಬೇಕು.

ಕಟ್ಟುವವರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಕೊನೇ ವರ್ಷದ ಹುಡುಗರು ಹೇಗೂ ಪ್ರಾಜೆಕ್ಟ್ ಮಾಡಲೇಬೇಕು. ಅವರಲ್ಲಿ ಎಷ್ಟೋ ಮಂದಿ ರೈತರ ಮಕ್ಕಳೇ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರು ಇವರನ್ನು ರೈತರ ಜೊತೆ ಕೂರಿಸಿದರೆ ಆಯಿತು. ಆದರೆ ನನ್ನದೊಂದು ಷರತ್ತು. ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಸುಗ್ಗಿ ಪೂರ್ತಿ ಟ್ರೇಲರಿನ ಮೇಲೆ ಕೂತು ಪೇಟೆಗೆ ಹೋಗಿಬರಬೇಕು. ಕಾಟಾದ ಮುಂದೆ ಕಾಯಬೇಕು. ಹಮಾಲರು ಚೀಲ ಎಣಿಸುವುದನ್ನು ನೋಡಬೇಕು.

ಮೊದಲು ವಹಿ, ಆಮೇಲೆ ಯಂತ್ರ

ನಾವು ಯಂತ್ರ ಬರಲಿ ಅಂತ ಕಾಯುತ್ತಾ ಕೂರಬೇಕಿಲ್ಲ. ಒಂದು ರಸ್ತೆ ಹಿಡಿಯಿರಿ. ಆ ರಸ್ತೆಯ ಮೇಲಿನ ನಾಲ್ಕು ಊರು, ಒಂದು ಬೆಳೆ, ಒಂದು ಸುಗ್ಗಿ. ಒಂದು ನೂರು ಪುಟದ ವಹಿ, ಒಂದು ಫೋನ್, ಎಲ್ಲರೂ ನಂಬುವ ಒಬ್ಬ ವ್ಯಕ್ತಿ. ಯಾರ ಮನೆಯಲ್ಲಿ ಎಷ್ಟು ಚೀಲ, ಯಾವ ದಿನ ತಯಾರು, ಯಾರ ಗಾಡಿ, ಎಷ್ಟು ಬಾಡಿಗೆ, ಊರ ತೂಕ, ಪೇಟೆ ತೂಕ, ತಿರುಗಿ ಬರುವಾಗ ಏನು ತಂದರು. ಏಳು ಅಂಕಣ ಸಾಕು. ಆ ವ್ಯಕ್ತಿಗೆ ಚೀಲಕ್ಕೆ ಇಷ್ಟು ಅಂತ ಕೂಲಿ ಕೊಡಿ. ಪುಕ್ಕಟೆ ಕೆಲಸ ಎರಡನೇ ತಿಂಗಳಿಗೆ ನಿಲ್ಲುತ್ತದೆ.

ಸುಗ್ಗಿ ಮುಗಿದ ಮೇಲೆ ಆ ವಹಿ ಬಿಚ್ಚಿ ಕೂತರೆ ಎಲ್ಲಿ ಜಗಳ ಬಂತು, ಎಲ್ಲಿ ಗಾಡಿ ಕಾಯಿತು, ಎಲ್ಲಿ ಕೈಲೆಕ್ಕ ತಪ್ಪಿತು ಅಂತ ಕಾಣುತ್ತದೆ. ನಾಲ್ಕು ಊರಿಗೆ ವಹಿ ಸಾಕು. ನಲವತ್ತು ಊರಾದಾಗ ಒಬ್ಬರ ತಲೆಗೆ, ಒಂದು ವಹಿಗೆ ಹಿಡಿಯುವುದಿಲ್ಲ. ಆಗ ಯಂತ್ರ ಬೇಕು. ಆಗ ಅದರಲ್ಲಿ ಏನಿರಬೇಕು ಅನ್ನುವುದು ಊಹೆ ಮಾಡಿ ಹೇಳಬೇಕಾಗಿಲ್ಲ, ವಹಿಯೇ ಹೇಳುತ್ತದೆ. ಹಾಗೆ ಹುಟ್ಟಿದ ಸಾಫ್ಟ್‌ವೇರ್ ನಮ್ಮ ಮಾತು ಕೇಳುತ್ತದೆ. ಮೇಲಿನಿಂದ ಇಳಿದದ್ದಕ್ಕೆ ನಾವು ಅದರ ಮಾತು ಕೇಳಬೇಕಾಗುತ್ತದೆ.

ಓದುಗ ರೈತರಲ್ಲಿ ನನ್ನ ಕೋರಿಕೆ ಇಷ್ಟು. ಈ ಸುಗ್ಗಿಯಲ್ಲಿ ನಿಮ್ಮೂರಿನಿಂದ ಪೇಟೆಗೆ ಹೋದ ಗಾಡಿಗಳಲ್ಲಿ ಎಷ್ಟು ಅರ್ಧ ಖಾಲಿ ಹೋದವು, ಎಷ್ಟು ಪೂರ್ತಿ ಖಾಲಿ ತಿರುಗಿ ಬಂದವು ಅಂತ ಒಂದು ವಾರ ಎಣಿಸಿ ಬರೆದಿಡಿ. ಎಲ್ಲಾದರೂ ಕೂಡು ಲೋಡು ಮಾಡಿ ನಡೆಸಿದವರಿದ್ದರೆ ಬಾಡಿಗೆ ಹೇಗೆ ಹಂಚಿದಿರಿ, ಜಗಳ ಬಂದಾಗ ಹೇಗೆ ಬಗೆಹರಿಸಿದಿರಿ ಅಂತ ಪತ್ರಿಕೆಗೆ ಬರೀರಿ. ನಡೆಸಿ ಕೈಬಿಟ್ಟವರು ಯಾಕೆ ಕೈಬಿಟ್ಟಿರಿ ಅಂತ ಬರೆದರೆ ಇನ್ನೂ ಉಪಕಾರ. ಕಟ್ಟುವ ಹುಡುಗರು ಬಂದು ಕೇಳುವ ದಿನ ನಮ್ಮ ಕೈಯಲ್ಲಿ ಲೆಕ್ಕ ಇರಲಿ.